ಶುಂಠಿಯಲ್ಲಿ ಸೋತ ಮೇಲೆ ಹೊಸದಾಗಿ ಶುರು ಮಾಡುವ ಧೈರ್ಯ ಎಲ್ಲಿಂದ ತರಲಿ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು ಆಲೂರು ತಾಲ್ಲೂಕಿನ ಒಂದು ಹಳ್ಳಿ. ನನಗೆ 42 ವರ್ಷ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಬೆಂಗಳೂರಿನ ಪೀಣ್ಯದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದೆ. ಅಪ್ಪ ತೀರಿಕೊಂಡ ಮೇಲೆ ಊರಿಗೆ ಬಂದು ಶುಂಠಿಗೆ ಇಳಿದೆ. ಮೊದಮೊದಲು ಚೆನ್ನಾಗಿಯೇ ಇತ್ತು. 2023ರಲ್ಲಿ ರೇಟು ಏರಿದ್ದು ನೋಡಿ ಮರುವರ್ಷ ನಾಲ್ಕು ಎಕರೆ ಗುತ್ತಿಗೆಗೆ ಹಿಡಿದೆ. ಅರ್ಧಕ್ಕರ್ಧ ಕೊಳೆ ರೋಗಕ್ಕೆ ಹೋಯಿತು. ಉಳಿದಿದ್ದನ್ನು ಕೀಳಿಸುವ ಹೊತ್ತಿಗೆ ರೇಟು ನೆಲ ಕಚ್ಚಿತ್ತು. ಈಗ ಸೊಸೈಟಿಯಲ್ಲಿ 3 ಲಕ್ಷ, ಹೆಂಡತಿಯ ಒಡವೆ ಮೇಲೆ ಬ್ಯಾಂಕಿನಲ್ಲಿ 4 ಲಕ್ಷ, ಕೈಸಾಲ 7 ಲಕ್ಷ. ಕೈಸಾಲಕ್ಕೆ ಮೂರು ರೂಪಾಯಿ ಬಡ್ಡಿ. ಹೆಂಡತಿ ಕೈಸಾಲ ಒಂದು ಲಕ್ಷ ಇರಬಹುದು ಅಂದುಕೊಂಡಿದ್ದಾಳೆ.

ಹಾಸನದಲ್ಲಿ ಸ್ನೇಹಿತನೊಬ್ಬ ಪಂಪ್‌ಸೆಟ್ ರಿಪೇರಿ, ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಬಾ, ಪಾರ್ಟ್ನರ್ ಆಗು ಅಂತಾನೆ. ಭಾಮೈದ ಮಾತ್ರ ‘ಈ ಸಲ ಎಲ್ಲರೂ ಶುಂಠಿ ಬಿಟ್ಟಿದ್ದಾರೆ, ರೇಟು ಬಂದೇ ಬರುತ್ತೆ, ಇನ್ನೊಂದು ವರ್ಷ ಹಾಕಿ ಭಾವ’ ಅಂತಾನೆ. ನನಗೆ ಯಾವುದಕ್ಕೂ ಕೈ ಹಾಕಲು ಧೈರ್ಯ ಬರುತ್ತಿಲ್ಲ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಮದುವೆ, ಗೃಹಪ್ರವೇಶ ಅಂತ ಎಲ್ಲಿಗೂ ಹೋಗಲ್ಲ. ಸಂಜೆ ಸ್ವಲ್ಪ ಕುಡಿಯುವುದು ಅಭ್ಯಾಸ ಆಗಿದೆ. ನಾನೇ ಇಲ್ಲದಿದ್ದರೆ ಇವರಿಗೆಲ್ಲ ನೆಮ್ಮದಿಯೇನೋ ಅಂತ ಒಮ್ಮೊಮ್ಮೆ ಅನಿಸುತ್ತದೆ. ಈ ವಯಸ್ಸಿನಲ್ಲಿ ಮತ್ತೆ ಮೊದಲಿಂದ ಶುರು ಮಾಡುವ ಧೈರ್ಯ ಎಲ್ಲಿಂದ ತರಲಿ? ಮಗಳು ಸೆಕೆಂಡ್ ಪಿಯುಸಿ. ಅವಳಿಗೆ ಇದೆಲ್ಲ ಹೇಳಬೇಕಾ ಬೇಡವಾ?

ಉತ್ತರ: ನೀವು ಕೇಳಿದ ಪ್ರಶ್ನೆಗೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಪ್ರಶ್ನೆಯ ರೂಪದಲ್ಲಿಲ್ಲದ ಒಂದು ಸಾಲಿದೆ. ನಾನೇ ಇಲ್ಲದಿದ್ದರೆ ಇವರಿಗೆಲ್ಲ ನೆಮ್ಮದಿ, ಅಂತ ಬರೆದಿದ್ದೀರಿ. ಹಾಗಾಗಿ ನೇರವಾಗಿಯೇ ಕೇಳುತ್ತೇನೆ. ಸಾಯಬೇಕು ಅಂತ ಅನಿಸುತ್ತಿದೆಯಾ? ಹೇಗೆ, ಯಾವಾಗ ಅಂತ ಯೋಚನೆ ಬಂದಿದೆಯಾ? ಇಂಥದ್ದನ್ನು ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತದೆ ಅಂತ ಅನೇಕರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಒಬ್ಬರು ಬಾಯಿ ಬಿಟ್ಟು ಕೇಳಿದರಲ್ಲ ಅಂತ ಹೆಚ್ಚಿನವರಿಗೆ ಎದೆ ಹಗುರಾಗುತ್ತದೆ.

ಉತ್ತರ ‘ಹೌದು’ ಅಂತಿದ್ದರೆ ಇದನ್ನು ಪೂರ್ತಿ ಓದಲು ಕಾಯಬೇಡಿ. ಈಗಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿಯೇ ಮಾತಾಡುತ್ತಾರೆ. ನಾಳೆ ಬೆಳಿಗ್ಗೆ ಹಾಸನದ ಹಿಮ್ಸ್ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೆಂಡತಿಯ ಜೊತೆ ಅಥವಾ ಆ ಸ್ನೇಹಿತರ ಜೊತೆ ಹೋಗಿ.

ಉತ್ತರ ‘ಇಲ್ಲ, ಸುಮ್ನೆ ಹಾಗೆ ಅನಿಸುತ್ತೆ ಅಷ್ಟೆ’ ಅಂತಿದ್ದರೂ ಒಂದು ಕೆಲಸ ಇವತ್ತೇ ಮಾಡಿ. ಔಷಧಿ ಹೊಡೆಯುವ ಬಾಟಲಿಗಳು ಮನೆಯಲ್ಲಾಗಲಿ, ತೋಟದ ಮನೆಯಲ್ಲಾಗಲಿ ಇದ್ದರೆ ಬೇರೆಯವರ ಶೆಡ್ಡಿಗೆ ಸಾಗಿಸಿ. ಬೀಗದ ಕೈ ನಿಮ್ಮ ಹತ್ತಿರ ಬೇಡ. ಇದು ಸಣ್ಣ ವಿಷಯ ಅಂತ ಕಾಣಬಹುದು, ಆದರೆ ಅಲ್ಲ. ಶ್ರೀಲಂಕಾದಲ್ಲಿ 1995ರ ನಂತರ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಲ್ಲಿಸಿದರು. ಹತ್ತು ವರ್ಷದಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಜನರ ಸಾಲ, ಜಗಳ, ಕಷ್ಟ ಏನೂ ಅರ್ಧ ಆಗಿರಲಿಲ್ಲ. ಸಾಯಬೇಕು ಅನ್ನುವ ಆವೇಶ ಬಂದ ಗಳಿಗೆಯಲ್ಲಿ ಕೈಗೆ ಏನೂ ಸಿಗಲಿಲ್ಲ, ಗಳಿಗೆ ಕಳೆದುಹೋಯಿತು. ಅಷ್ಟೇ.

ಈಗ ನಿಮ್ಮ ಪ್ರಶ್ನೆಗೆ ಬರೋಣ.

ಧೈರ್ಯ ಇಲ್ಲ ಅಂತೀರಿ. ನಾನು ನಂಬುವುದಿಲ್ಲ. ಬೇರೆಯವರ ಭೂಮಿ ಗುತ್ತಿಗೆಗೆ ಹಿಡಿದು, ಬೀಜದ ಶುಂಠಿ, ಗೊಬ್ಬರ, ಹುಲ್ಲು ಹೊದಿಕೆ, ಆಳು ಅಂತ ಲಕ್ಷಗಟ್ಟಲೆ ಸುರಿದು, ಒಂಬತ್ತು ಹತ್ತು ತಿಂಗಳು ಮಣ್ಣಿನೊಳಗೆ ಏನಾಗುತ್ತಿದೆ ಅಂತ ಕಾಣದೆ ಕಾಯುತ್ತೀರಲ್ಲ. ಹಾಸನ ಜಿಲ್ಲೆಯಲ್ಲಿ ಅದಕ್ಕಿಂತ ದೊಡ್ಡ ಧೈರ್ಯ ಯಾವುದಿದೆ? ನಿಮಗೆ ಹೊಸದಕ್ಕೆ ಕೈ ಹಾಕುವ ಎದೆಗಾರಿಕೆ ಯಾವತ್ತೂ ಕಮ್ಮಿ ಇರಲಿಲ್ಲ. ಪೀಣ್ಯದ ಸಂಬಳ ಬಿಟ್ಟು ಊರಿಗೆ ಬಂದವರು ನೀವು.

ಪತ್ರವನ್ನು ಎರಡು ಮೂರು ಸಲ ಓದಿದ ಮೇಲೆ ನನಗೆ ಕಾಣುವುದು ಇಷ್ಟು. ಹೊಸದು ಶುರುವಾಗದೆ ನಿಂತಿರುವುದಕ್ಕೆ ಕಾರಣ ಹಳೆಯದು ಇನ್ನೂ ಮುಗಿದಿಲ್ಲ. ಸೋತಿದ್ದೇನೆ ಅಂತ ನೀವು ಇನ್ನೂ ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ. ಹೆಂಡತಿಗೆ ಹೇಳಿಲ್ಲ, ಭಾಮೈದನಿಗೆ ‘ಇನ್ನು ಹಾಕಲ್ಲ’ ಅಂತ ಹೇಳಿಲ್ಲ. ಧೈರ್ಯ ಬೇಕಾಗಿರುವುದು ಅಲ್ಲಿ. ಅಂಗಡಿಗೆ ಹೋಗಿ ಮೋಟರ್ ಬಿಚ್ಚುವುದಕ್ಕೆ ಅಂಥ ಧೈರ್ಯವೇನೂ ಬೇಕಾಗಿಲ್ಲ.

ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರಿನಲ್ಲಿ ಎಷ್ಟೋ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಮುರುಕು ಚರ್ಚಿನ ಮುಂದೆ ಈಗ ಬೆಂಗಳೂರಿನವರು ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ಕೂಡ ಆ ನೀರಿನದೇ ಕಥೆ. ಹಾಗೆ ಜಮೀನು, ಮನೆ ಕಳೆದುಕೊಂಡು ಬೇರೆ ಕಡೆ ಬೇರು ಬಿಟ್ಟ ಹಿರಿಯರನ್ನು ನಾನು ಮಾತಾಡಿಸಿದ್ದೇನೆ. ಅವರ ಸಂಕಟ ಸಣ್ಣದಲ್ಲ. ಆದರೆ ಅವರಿಗೆ ಒಂದು ಗೊಂದಲ ಇರಲಿಲ್ಲ. ಗದ್ದೆ ನೀರಿನಡಿ ಹೋಗಿತ್ತು, ‘ಇನ್ನೊಂದು ವರ್ಷ ನೋಡೋಣ’ ಅನ್ನುವ ಮಾತಿಗೆ ಜಾಗವೇ ಇರಲಿಲ್ಲ. ನಿಮ್ಮ ತೊಂದರೆ ಬೇರೆ ಥರ. ನಿಮ್ಮ ಹೊಲ ಬೆಳಿಗ್ಗೆ ಎದ್ದರೆ ಕಣ್ಣ ಮುಂದೆಯೇ ಇದೆ, ಭಾಮೈದ ಫೋನಿನಲ್ಲಿದ್ದಾನೆ. ಮುಗಿಯಿತು ಅಂತ ನೀವೇ ಹೇಳಬೇಕು. ನಿಮ್ಮ ಬದಲಿಗೆ ಹೇಳುವವರು ಯಾರೂ ಇಲ್ಲ.

ಭಾಮೈದ ಹೇಳುತ್ತಿರುವುದು ಸುಳ್ಳು ಅಂತ ನಾನು ಹೇಳುವುದಿಲ್ಲ. ರೇಟು ಬರಬಹುದು. ಎಲ್ಲರೂ ಬಿಟ್ಟ ವರ್ಷ ಹಾಕಿದವನಿಗೆ ದುಡ್ಡು ಅನ್ನುವುದು ನಮ್ಮ ಕಡೆ ಹಳೆಯ ಮಾತು, ಅದು ನಿಜವಾದದ್ದೂ ಉಂಟು. ನಾನು ಮಾರುಕಟ್ಟೆ ತಜ್ಞನಲ್ಲ, ಮನೋವೈದ್ಯ. ಹಾಗಾಗಿ ರೇಟಿನ ವಿಷಯ ಬಿಟ್ಟು, ಸೋತವನ ತಲೆ ಹೇಗೆ ಲೆಕ್ಕ ಹಾಕುತ್ತದೆ ಅನ್ನುವುದನ್ನು ಹೇಳುತ್ತೇನೆ.

ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವೆರ್ಸ್ಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಒಂದು ಲೇಖನ ಬರೆದರು. ಆ ಕೆಲಸಕ್ಕಾಗಿ ಕಾನಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ತೋರಿಸಿದ್ದು ಇದು. ಬರುವ ಲಾಭದ ಖುಷಿಗಿಂತ ಅಷ್ಟೇ ಮೊತ್ತದ ನಷ್ಟದ ನೋವು ಜಾಸ್ತಿ. ಲಾಭದಲ್ಲಿದ್ದಾಗ ಮನುಷ್ಯ ಎಚ್ಚರಿಕೆಯಿಂದ ಇರುತ್ತಾನೆ, ಬಂದಷ್ಟು ಬರಲಿ ಅಂತಾನೆ. ನಷ್ಟದಲ್ಲಿದ್ದಾಗ ಅದೇ ಮನುಷ್ಯ ದೊಡ್ಡ ದೊಡ್ಡ ಅಪಾಯಕ್ಕೆ ಕೈ ಹಾಕುತ್ತಾನೆ, ಯಾಕೆಂದರೆ ಆ ನಷ್ಟವನ್ನು ಒಂದೇ ಏಟಿಗೆ ಅಳಿಸಿಹಾಕುವ ಆಸೆ. ಇಸ್ಪೀಟು ಆಡುವವನು ಸೋತ ರಾತ್ರಿಯೇ ದೊಡ್ಡ ಆಟ ಕಟ್ಟುತ್ತಾನಲ್ಲ, ಹಾಗೆ. ಅವನು ಮೂರ್ಖ ಅಂತಲ್ಲ. ನಷ್ಟದಲ್ಲಿ ಕೂತಾಗ ತಲೆ ನಡೆಯುವುದೇ ಹಾಗೆ.

ಆದ್ದರಿಂದ ‘ಇನ್ನೊಂದು ವರ್ಷ’ ಅನ್ನುವುದು ಹೊಸ ಬದುಕು ಶುರು ಮಾಡುವ ಧೈರ್ಯದ ಹಾಗೆ ಕಾಣುತ್ತದೆ, ಆದರೆ ಅದು ಹಳೆಯ ನಷ್ಟದ ಬೆನ್ನು ಹತ್ತುವುದು. ಎರಡಕ್ಕೂ ಇರುವ ವ್ಯತ್ಯಾಸ ಪತ್ತೆ ಮಾಡಲು ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ. ನಿಮಗೆ ಒಂದು ರೂಪಾಯಿ ಸಾಲ ಇಲ್ಲ, ಕೈಯಲ್ಲಿ ಆರೇಳು ಲಕ್ಷ ನಗದು ಇದೆ ಅಂದುಕೊಳ್ಳಿ. ಈ ವರ್ಷ ಅದನ್ನು ಪೂರ್ತಿ ಶುಂಠಿಗೆ ಹಾಕುತ್ತಿದ್ದಿರಾ? ಹಾಕುತ್ತಿದ್ದೆ ಅಂದರೆ ಅದು ಬೇಸಾಯದ ನಿರ್ಧಾರ, ಕೃಷಿ ಇಲಾಖೆಯವರ ಹತ್ತಿರ, ತೋಟಗಾರಿಕೆಯವರ ಹತ್ತಿರ ಕೂತು ಮಾತಾಡಿ. ‘ಅಯ್ಯೋ, ದುಡ್ಡು ಕೈಯಲ್ಲಿದ್ದರೆ ಯಾಕೆ ಹಾಕಲಿ’ ಅಂತ ಬಾಯಿಗೆ ಬಂದರೆ ನಿಮ್ಮ ಉತ್ತರ ಸಿಕ್ಕಿತು.

ಲೆಕ್ಕವನ್ನೂ ಒಂದು ಸಲ ಕಾಗದದ ಮೇಲೆ ನೋಡಿ. 7 ಲಕ್ಷಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ 21,000. ಶುಂಠಿ ಹಾಕಿ ಕೀಳುವ ಹತ್ತು ತಿಂಗಳಿಗೆ 2,10,000. ಹೊಸ ಬೆಳೆಗೆ ಬಂಡವಾಳ ಎಲ್ಲಿಂದ? ಮತ್ತೆ ಕೈಸಾಲವೇ. ಅದರ ಬಡ್ಡಿ ಬೇರೆ. ಒಮ್ಮೆ ಶುಂಠಿ ಹಾಕಿ ಕೊಳೆ ಬಂದ ನೆಲದಲ್ಲಿ ರೋಗ ಮಣ್ಣಿನಲ್ಲಿ ಉಳಿಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ಹಾಗಾಗಿ ಮತ್ತೆ ಹೊಸ ಭೂಮಿ, ಹೊಸ ಗುತ್ತಿಗೆ. ಅಂದರೆ ಈ ಸಲ ಬರೀ ಗೆದ್ದರೆ ಸಾಲದು, ತುಂಬಾ ಚೆನ್ನಾಗಿ ಗೆಲ್ಲಬೇಕು. ಅರೆಬರೆ ಗೆದ್ದರೂ ನೀವು ಈಗ ನಿಂತಿರುವ ಜಾಗದಲ್ಲೇ ನಿಂತಿರುತ್ತೀರಿ, ವಯಸ್ಸು ಒಂದು ವರ್ಷ ಜಾಸ್ತಿ.

ಇನ್ನು ಎರಡು ಮೂರು ತಪ್ಪು ತಿಳಿವಳಿಕೆಗಳಿವೆ. ಒಂದು, ವಯಸ್ಸು. 42ಕ್ಕೆ ಮುದುಕ ಆದೆ ಅಂತ ಫ್ಯಾಕ್ಟರಿಯ ಕಾಂಟ್ರಾಕ್ಟರ್ ಹೇಳಬಹುದು, ಬೋರ್‌ವೆಲ್ ಮೋಟರ್ ಸುಟ್ಟುಹೋದ ರೈತ ಹೇಳುವುದಿಲ್ಲ. ಎರಡನೆಯದು, ಮೊದಲಿಂದ ಶುರು ಮಾಡಬೇಕು ಅನ್ನುವುದು. ನೀವು ಸೊನ್ನೆಯಿಂದ ಶುರು ಮಾಡುತ್ತಿಲ್ಲ. ಡಿಪ್ಲೊಮಾ ಇದೆ, ಒಂಬತ್ತು ವರ್ಷ ಮೆಷಿನ್ ಜೊತೆ ಪಳಗಿದ ಕೈ ಇದೆ, ಸುತ್ತಿನ ಹಳ್ಳಿಗಳ ರೈತರ ಪರಿಚಯ ಇದೆ. ಪಂಪ್‌ಸೆಟ್ ಅಂಗಡಿಗೆ ಇದಕ್ಕಿಂತ ಹೆಚ್ಚಿನ ಬಂಡವಾಳ ಯಾರು ತರುತ್ತಾರೆ? ಇನ್ನೊಂದು, ಧೈರ್ಯ ಬಂದ ಮೇಲೆ ಹೆಜ್ಜೆ ಇಡೋಣ ಅನ್ನುವುದು. ನಾನು ನೋಡಿದ ಹಾಗೆ ಅದು ಉಲ್ಟಾ. ಸಕಲೇಶಪುರದ ಕಡೆ ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ನೋಡಿಕೊಳ್ಳುವ ಗುಮಾಸ್ತ, ಆಗಿದ್ದವರೊಬ್ಬರು ಐವತ್ತರ ಹತ್ತಿರ ಕೆಲಸ ಕಳೆದುಕೊಂಡು ನನ್ನ ಹತ್ತಿರ ಬಂದಿದ್ದರು. ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರ ತಿಂಡಿ ಗಾಡಿ ಹಾಕಿದರು. ಮೊದಲ ದಿನ ಕೈ ನಡುಗುತ್ತಿತ್ತು, ಪರಿಚಯದವರು ಬಂದರೆ ಗಾಡಿ ಹಿಂದೆ ಬಗ್ಗಿಕೊಳ್ಳುತ್ತಿದ್ದೆ ಅಂತ ಅವರೇ ಹೇಳಿದರು. ಹೆದರಿಕೆ ಹೋಗಿ ಆಮೇಲೆ ಗಾಡಿ ಹಾಕಿದ್ದಲ್ಲ. ಗಾಡಿ ಹಾಕುತ್ತಾ ಹಾಕುತ್ತಾ ಹೆದರಿಕೆ ಕಮ್ಮಿ ಆಯಿತು.

ಜನ ಏನಂತಾರೆ ಅನ್ನುವುದನ್ನು ನೀವು ಬರೆದಿಲ್ಲ, ಆದರೆ ಮದುವೆಗಳಿಗೆ ಹೋಗುವುದು ಬಿಟ್ಟಿದ್ದೀರಿ ಅಂದರೆ ಅದೇ ಇದೆ. ಜನ ಮಾತಾಡುವುದಿಲ್ಲ ಅಂತ ನಾನು ಸುಳ್ಳು ಸಮಾಧಾನ ಹೇಳಲಾರೆ. ಮಾತಾಡುತ್ತಾರೆ. ಬೆಂಗಳೂರಿಂದ ಬಂದ, ಶುಂಠಿ ಹಾಕಿ ಮುಳುಗಿದ, ಈಗ ಯಾರದೋ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ ಅಂತಾರೆ. ಒಂದು ತಿಂಗಳು, ಎರಡು ತಿಂಗಳು. ಆಮೇಲೆ ಬೇರೆ ಯಾರದೋ ಮನೆಯ ಸುದ್ದಿ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಸೋತಿದ್ದು ನೀವೊಬ್ಬರೇ ಅಲ್ಲ ಅನ್ನುವುದೂ ನೆನಪಿರಲಿ. ಆಲೂಗಡ್ಡೆಗೆ ಹೆಸರಾಗಿದ್ದ ಹಾಸನದಲ್ಲಿ ಅಂಗಮಾರಿ ರೋಗದ ಏಟಿಗೆ ಎಷ್ಟೋ ಜನ ಆಲೂಗಡ್ಡೆಯನ್ನೇ ಕೈಬಿಟ್ಟು ಜೋಳಕ್ಕೆ, ಶುಂಠಿಗೆ ತಿರುಗಿದರು. ಊರಿಗೂರೇ ಬೆಳೆ ಬದಲಿಸಿದಾಗ ಯಾರೂ ಅದನ್ನು ಸೋಲು ಅನ್ನಲಿಲ್ಲ.

ಈಗ ಕಾಯಿಲೆಯ ವಿಷಯ. ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಬರದಿರುವುದು, ಯಾರ ಮುಖವನ್ನೂ ನೋಡುವುದು ಬೇಡ ಅನಿಸುವುದು, ಯಾವುದಕ್ಕೂ ಕೈ ಏಳದಿರುವುದು, ತಾನು ಎಲ್ಲರಿಗೂ ಭಾರ ಅನಿಸುವುದು. ಇವು ಎರಡು ವಾರಕ್ಕಿಂತ ಹೆಚ್ಚು ದಿನ, ದಿನದ ಬಹುಪಾಲು ಹೊತ್ತು ಇದ್ದರೆ ನಾವು ಖಿನ್ನತೆ ಇದೆಯಾ ಅಂತ ನೋಡುತ್ತೇವೆ. ಪತ್ರ ಓದಿ ಕಾಯಿಲೆ ಹೇಳುವುದು ಸರಿಯಲ್ಲ, ಎದುರು ಕೂತು ನೋಡಬೇಕು. ಆದರೆ ನೀವು ‘ಧೈರ್ಯ ಇಲ್ಲ’ ಅಂತ ಕರೆಯುತ್ತಿರುವುದರಲ್ಲಿ ಒಂದು ದೊಡ್ಡ ಪಾಲು ಇದೇ ಇರಬಹುದು. ಖಿನ್ನತೆಯಲ್ಲಿರುವವರಿಗೆ ಎರಡು ದಾರಿ ತೋರಿಸಿದರೆ ಎರಡೂ ಮುಚ್ಚಿದ ಹಾಗೇ ಕಾಣುತ್ತದೆ. ಅದು ಸ್ವಭಾವದ ದೋಷ ಅಲ್ಲ.

ಹಿಮ್ಸ್‌ಗೆ ಹೋಗಲು ಮುಜುಗರ ಅನಿಸಿದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುವುದುಂಟು. ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಂಡು ಹೋಗಿ. ಮಾತ್ರೆ ಕೊಟ್ಟರೆ ‘ಅಭ್ಯಾಸ ಆಗಿಬಿಡುತ್ತೆ’ ಅಂತ ನಿಮ್ಮ ಊರಿನಲ್ಲಿ ಕನಿಷ್ಠ ಮೂರು ಜನ ಹೇಳುತ್ತಾರೆ. ಚಟ ಹಿಡಿಯಬಹುದಾದದ್ದು ಕೆಲವು ನಿದ್ದೆ ಮಾತ್ರೆಗಳು. ಅವನ್ನು ನಾವೂ ಕೆಲವು ದಿನಕ್ಕಷ್ಟೇ ಕೊಡುತ್ತೇವೆ. ಖಿನ್ನತೆಯ ಮಾತ್ರೆಗಳು ಬೇರೆ. ಅವುಗಳಿಗೆ ಚಟ ಹಿಡಿಯುವುದಿಲ್ಲ, ಆದರೆ ನೀವಾಗಿಯೇ ತಟ್ಟನೆ ನಿಲ್ಲಿಸಬಾರದು. ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು. ‘ಏನೂ ಆಗ್ಲಿಲ್ಲ’ ಅಂತ ಹತ್ತನೇ ದಿನಕ್ಕೆ ಮಾತ್ರೆ ಬಿಟ್ಟು ಹೋದವರನ್ನು ನಾನು ಆರು ತಿಂಗಳಾದ ಮೇಲೆ ಇನ್ನೂ ಕೆಟ್ಟ ಸ್ಥಿತಿಯಲ್ಲಿ ನೋಡಿದ್ದೇನೆ.

ಕುಡಿತ ಎಷ್ಟು ಅಂತ ನೀವು ಬರೆದಿಲ್ಲ. ‘ಸ್ವಲ್ಪ’ ಅನ್ನುವ ಅಳತೆಯನ್ನು ನಾನು ಈಗ ನಂಬುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ನಿಜ. ಅದು ಇಳಿಯುವ ಹೊತ್ತಿಗೆ, ಅಂದರೆ ನಡುರಾತ್ರಿ ಕಳೆದ ಮೇಲೆ, ನಿದ್ದೆ ಒಡೆಯುತ್ತದೆ. ನಿಮ್ಮ ಮೂರು ಗಂಟೆಯ ಎಚ್ಚರಕ್ಕೆ ಸಾಲದ ಜೊತೆ ಇದೂ ಕಾರಣ ಇರಬಹುದು. ಬೆಳಿಗ್ಗೆ ಎದ್ದಾಗ ಕೈ ನಡುಕ, ಬೆವರು ಇದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಿ, ಅವರ ಮಾತಿನಂತೆ ಕಮ್ಮಿ ಮಾಡಿ.

ನಿಮ್ಮ ಮುಂದಿರುವ ಕೆಲಸಗಳಲ್ಲಿ ಅತಿ ಕಷ್ಟದ್ದು ಹೆಂಡತಿಗೆ ಹೇಳುವುದು. ಇದನ್ನು ನಾನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಎಡವುವುದು ಇಲ್ಲೇ.

ಮೊದಲು ಒಬ್ಬರೇ ಕೂತು ಒಂದು ಹಾಳೆಯಲ್ಲಿ ಎಲ್ಲ ಬರೆಯಿರಿ. ಯಾರಿಗೆ, ಎಷ್ಟು, ಯಾವಾಗ ತಗೊಂಡಿದ್ದು, ಬಡ್ಡಿ ಎಷ್ಟು, ಪತ್ರ ಬರೆದುಕೊಟ್ಟಿದ್ದೀರಾ, ಖಾಲಿ ಚೆಕ್ ಕೊಟ್ಟಿದ್ದೀರಾ. ಗೊಬ್ಬರದ ಅಂಗಡಿಯ ಬಾಕಿ, ಆಳಿಗೆ ಕೊಡಬೇಕಾದ್ದು, ಸಂಬಂಧಿಕರಿಂದ ‘ಹಾಗೇ’ ತಂದಿದ್ದು, ಎಲ್ಲವೂ ಬರಲಿ. ನನ್ನ ಅನುಭವದಲ್ಲಿ ಬರೆದ ಮೇಲೆ ಮೊತ್ತ ಬಾಯಲ್ಲಿ ಹೇಳಿದ್ದಕ್ಕಿಂತ ಜಾಸ್ತಿಯೇ ಬರುತ್ತದೆ. ನಿಮ್ಮದೂ 14 ಲಕ್ಷ ದಾಟಿದರೆ ಗಾಬರಿ ಆಗಬೇಡಿ. ಸಾಲ ಹೊಸದಾಗಿ ಹುಟ್ಟಿದ್ದಲ್ಲ, ಈಗ ಕಣ್ಣಿಗೆ ಬಿತ್ತು ಅಷ್ಟೆ.

ಆಮೇಲೆ ಹಗಲು ಹೊತ್ತು ನೋಡಿ ಹೇಳಿ. ಮಕ್ಕಳು ಶಾಲೆ ಕಾಲೇಜಿಗೆ ಹೋದ ಮೇಲೆ, ನೀವು ಕುಡಿಯದಿದ್ದಾಗ. ರಾತ್ರಿ ಹೇಳಿದರೆ ಇಬ್ಬರಿಗೂ ಆ ರಾತ್ರಿ ಕಳೆಯುವುದು ಕಷ್ಟ. ಸುತ್ತಿ ಬಳಸಿ ಶುರು ಮಾಡಬೇಡಿ. ‘ಕೈಸಾಲ ಒಂದು ಲಕ್ಷ ಅಂದುಕೊಂಡಿದ್ದೀಯ, ಅದು ಏಳು ಲಕ್ಷ. ನಿನಗೆ ಹೇಳದೆ ಮುಚ್ಚಿಟ್ಟೆ. ಲೆಕ್ಕ ಇಲ್ಲಿದೆ, ನೋಡು’ ಅಂತ ಹಾಳೆ ಕೈಗೆ ಕೊಡಿ. ಇಷ್ಟು ಸಾಕು.

ಅನೇಕ ಗಂಡಸರು ಇಲ್ಲಿ ಒಂದು ಜಾಣತನ ಮಾಡುತ್ತಾರೆ. ಇವತ್ತು ಮೂರು ಲಕ್ಷ ಅಂತ ಹೇಳೋಣ, ಅವಳು ಅದನ್ನು ಅರಗಿಸಿಕೊಂಡ ಮೇಲೆ ಉಳಿದಿದ್ದು ಹೇಳೋಣ ಅಂತ. ದಯವಿಟ್ಟು ಬೇಡ. ಮೊದಲ ಸಲ ಮುಚ್ಚಿಟ್ಟಿದ್ದನ್ನು ಹೆಂಡತಿ ಕ್ಷಮಿಸಬಹುದು. ಎಲ್ಲ ಹೇಳಿದ್ದೇನೆ ಅಂದ ಮೇಲೂ ಮುಚ್ಚಿಟ್ಟಿದ್ದು ಗೊತ್ತಾದರೆ ನೀವು ಮುಂದೆ ಹೇಳುವ ನಿಜಕ್ಕೂ ಬೆಲೆ ಇರುವುದಿಲ್ಲ. ನನ್ನ ಮುಂದೆ ಕೂತ ಹೆಂಗಸರಲ್ಲಿ ಹೆಚ್ಚಿನವರು ಸಾಲದ ಮೊತ್ತಕ್ಕೆ ಅತ್ತಿಲ್ಲ. ‘ಊರಿಗೆಲ್ಲ ಗೊತ್ತಿತ್ತು, ನನಗೆ ಮಾತ್ರ ಗೊತ್ತಿರಲಿಲ್ಲ’ ಅಂತ ಅತ್ತಿದ್ದಾರೆ.

ಅವರು ಕೂಗಾಡಬಹುದು, ತವರಿಗೆ ಹೋಗುತ್ತೇನೆ ಅನ್ನಬಹುದು, ಎರಡು ದಿನ ಮಾತೇ ಬಿಡಬಹುದು. ಆ ಹೊತ್ತಿನಲ್ಲಿ ‘ಎಲ್ಲ ನಿಮಗೋಸ್ಕರವೇ ಮಾಡಿದ್ದು’ ಅನ್ನಬೇಡಿ. ಅವರ ಕೋಪ ನ್ಯಾಯವಾದದ್ದು, ಒಡವೆಯೂ ಅವರದೇ. ಅವತ್ತೇ ಪರಿಹಾರವನ್ನೂ ಕೇಳಬೇಡಿ. ಎರಡು ಮೂರು ದಿನ ಬಿಟ್ಟು ಇಬ್ಬರೂ ಅದೇ ಹಾಳೆ ಇಟ್ಟುಕೊಂಡು ಕೂರಿ. ಆಗ ನೀವು ಊಹಿಸಿರದ ಒಂದೆರಡು ವಿಷಯ ಹೊರಗೆ ಬರಬಹುದು. ಎಷ್ಟೋ ಮನೆಗಳಲ್ಲಿ ಹೆಂಡತಿಗೆ ಅರ್ಧ ಗೊತ್ತೇ ಇರುತ್ತದೆ. ಸಂಘದ ಉಳಿತಾಯ, ಚೀಟಿ ಅಂತ ಅವರ ಹತ್ತಿರ ಒಂದು ಲೆಕ್ಕವೂ ಇರುತ್ತದೆ. ಹೇಳುವಾಗ ಭಾಮೈದ ಮಾತ್ರ ಪಕ್ಕದಲ್ಲಿ ಇರುವುದು ಬೇಡ. ಅವರದು ಕೆಟ್ಟ ಮನಸ್ಸಲ್ಲ, ಆದರೆ ಶುಂಠಿಯ ಪರವಾಗಿ ವಾದ ಮಾಡಲು ಅವರೊಬ್ಬರು ಸಾಕು.

ಅಷ್ಟಾದ ಮೇಲೆ ದಾರಿಗಳನ್ನು ನೋಡೋಣ. ಇನ್ನೊಂದು ವರ್ಷ ಶುಂಠಿ ಅನ್ನುವುದರ ಬಗ್ಗೆ ಹೇಳಿಯಾಯಿತು.

ಜಮೀನಿನ ಒಂದು ತುಂಡು ಮಾರಿ ಕೈಸಾಲ ತೀರಿಸುವುದು ಇನ್ನೊಂದು. ಲೆಕ್ಕದಲ್ಲಿ ಇದು ತಪ್ಪಲ್ಲ, ತಿಂಗಳಿಗೆ 21,000 ಹೋಗುವುದು ಒಂದೇ ಸಲಕ್ಕೆ ನಿಲ್ಲುತ್ತದೆ. ಆದರೆ ಅಪ್ಪನಿಂದ ಬಂದ ಆಸ್ತಿಯಲ್ಲಿ ಅಮ್ಮನಿಗೆ, ಅಕ್ಕ ತಂಗಿಯರಿದ್ದರೆ ಅವರಿಗೆ ಪಾಲಿರುತ್ತದೆ. ಅವರನ್ನು ಕೇಳದೆ ಅಡ್ವಾನ್ಸ್ ತಗೊಂಡು ಕೋರ್ಟು ಸುತ್ತುತ್ತಿರುವ ಮನೆಗಳು ಬೇಕಾದಷ್ಟಿವೆ. ಮನೋವೈದ್ಯನಾಗಿ ನನ್ನ ಒಂದು ನಿಯಮವೂ ಇದೆ. ವಾಪಸ್ ಪಡೆಯಲಾಗದ ತೀರ್ಮಾನವನ್ನು ನಿದ್ದೆಗೆಟ್ಟ ತಲೆಯಲ್ಲಿ ತಗೋಬಾರದು. ಚಿಕಿತ್ಸೆ ಶುರುವಾಗಿ, ನಿದ್ದೆ ಸರಿಯಾಗಿ, ಒಂದೆರಡು ತಿಂಗಳು ಕಳೆದ ಮೇಲೂ ಮಾರುವುದೇ ಸರಿ ಅನಿಸಿದರೆ ಆಗ ಮಾರಿ.

ಬೆಂಗಳೂರಿಗೆ ವಾಪಸ್ ಹೋಗುವುದು ನಿಮ್ಮ ತಲೆಯಲ್ಲಿ ಇದ್ದರೆ, ಈಗಿನ ಸ್ಥಿತಿಯಲ್ಲಿ ನಾನು ಬೇಡ ಅನ್ನುತ್ತೇನೆ. ಸಂಬಳ ಬರಬಹುದು. ಆದರೆ ಒಬ್ಬರೇ ರೂಮಿನಲ್ಲಿ, ಸಂಜೆ ಕುಡಿತ, ರಾತ್ರಿ ಮೂರು ಗಂಟೆ. ನನಗೆ ಅದು ಭಯ.

ಇನ್ನು ಹಾಸನದ ಅಂಗಡಿ. ನನಗೆ ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ, ಒಂದು ಷರತ್ತಿನ ಮೇಲೆ. ಪಾರ್ಟ್ನರ್ ಆಗಬೇಡಿ, ಈಗಲೇ ಆಗಬೇಡಿ. ಪಾರ್ಟ್ನರ್ ಅಂದರೆ ಹಣ ಹಾಕಬೇಕು, ನಿಮ್ಮ ಹತ್ತಿರ ಇರುವುದು ಸಾಲ ಮಾತ್ರ. ಸ್ನೇಹ ಕೆಡುವುದೂ ಅಲ್ಲೇ. ‘ಆರು ತಿಂಗಳು ಕೂಲಿಗೆ ಇರುತ್ತೇನೆ, ವಾರ ವಾರ ಕೊಡು, ಆಮೇಲೆ ಮಾತಾಡೋಣ’ ಅಂತ ಸ್ನೇಹಿತರಿಗೆ ಹೇಳಿ. ಸಾಲದ ವಿಷಯವನ್ನೂ ಹೇಳಿಬಿಡಿ, ನಾಳೆ ಸಾಲ ಕೊಟ್ಟವರು ಅಂಗಡಿಗೆ ಬಂದು ನಿಂತರೆ ಸ್ನೇಹಿತರಿಗೆ ಆಶ್ಚರ್ಯ ಆಗಬಾರದು. ಆಲೂರಿನಿಂದ ಹಾಸನ ಹತ್ತಿರವೇ, ಸಂಜೆ ಮನೆಗೆ ಬರಬಹುದು. ದುಡಿಮೆ ಮೊದಲಿಗೆ ಬಡ್ಡಿಗೂ ಸಾಲುವುದಿಲ್ಲ, ಇದು ಇದರ ದೊಡ್ಡ ತೊಂದರೆ. ಆದರೆ ಬೆಳಿಗ್ಗೆ ಎಂಟಕ್ಕೆ ಮನೆ ಬಿಡಬೇಕು ಅನ್ನುವುದೇ ಖಿನ್ನತೆಗೆ ಒಂದು ಚಿಕಿತ್ಸೆ. ನಾವು ಆಸ್ಪತ್ರೆಯಲ್ಲಿ ಜನರಿಗೆ ಇದನ್ನೇ ಪಟ್ಟಿ ಬರೆಸಿ ಮಾಡಿಸುತ್ತೇವೆ. ಮನಸ್ಸಿದ್ದರೂ ಇಲ್ಲದಿದ್ದರೂ ಇಂಥ ಹೊತ್ತಿಗೆ ಇಂಥ ಕೆಲಸ ಅಂತ.

ನಿಮ್ಮ ಸ್ವಂತ ಹೊಲವನ್ನು ಈ ವರ್ಷ ಹೆಚ್ಚು ಖರ್ಚಿಲ್ಲದ ಬೆಳೆಗೆ ಬಿಡಿ. ಜೋಳ ಹಾಕಿದರೆ ಆನೆ ಬರುತ್ತದೆ ಅಂತೀರಿ, ನಿಮ್ಮ ತಾಲ್ಲೂಕಿನಲ್ಲಿ ಅದು ಬರೀ ಮಾತಲ್ಲ. ಏನು ಹಾಕಬೇಕು ಅಂತ ನನಗಿಂತ ನಿಮಗೆ ಗೊತ್ತು. ಸಾಲ ಮಾಡಿ ಹಾಕಬೇಡಿ, ಅಷ್ಟೇ ನನ್ನ ಮಾತು.

ಸಾಲಗಳನ್ನು ಒಂದೇ ಗಂಟಿನ ಹಾಗೆ ನೋಡಬೇಡಿ. ಸೊಸೈಟಿಯ ಬೆಳೆಸಾಲ ಗಡುವಿನೊಳಗೆ ಕಟ್ಟಿದರೆ 5 ಲಕ್ಷದವರೆಗೆ ಬಡ್ಡಿ ಇಲ್ಲ, ಗಡುವು ದಾಟಿದರೆ ಆ ರಿಯಾಯಿತಿ ಹೋಗುತ್ತದೆ. ಹಾಗಾಗಿ ಸೆಕ್ರೆಟರಿಯನ್ನು ಕಂಡು ನಿಮ್ಮ ಗಡುವು ಯಾವಾಗ ಅಂತ ಮೊದಲು ತಿಳಿದುಕೊಳ್ಳಿ. ಒಡವೆ ಸಾಲಕ್ಕೆ ಬಡ್ಡಿಯನ್ನಾದರೂ ಕಟ್ಟಿ ಮುಂದುವರಿಸಲು ಆಗುತ್ತದಾ ಅಂತ ಬ್ಯಾಂಕಿನಲ್ಲಿ ಕೇಳಿ. ನೋಟಿಸ್ ಬಂದರೆ ಬಿಚ್ಚದೆ ಕಪಾಟಿನಲ್ಲಿ ಇಡಬೇಡಿ, ಹರಾಜಿಗೆ ಹೋಗುವುದು ಹಾಗೆಯೇ. ಸುಡುತ್ತಿರುವುದು ಕೈಸಾಲ. ಮೂರು ರೂಪಾಯಿ ಅಂದರೆ ವರ್ಷಕ್ಕೆ ನೂರಕ್ಕೆ 36. ವಿಪರೀತ ಬಡ್ಡಿ ತಡೆಯಲು ರಾಜ್ಯದಲ್ಲಿ 2004ರಿಂದ ಕಾನೂನಿದೆ. ಬೆದರಿಸಿ, ಕಿರುಕುಳ ಕೊಟ್ಟು ವಸೂಲಿ ಮಾಡುವವರಿಗೆ 10 ವರ್ಷದವರೆಗೆ ಜೈಲು ಅಂತ 2025ರಲ್ಲಿ ಇನ್ನೊಂದು ಬಂದಿದೆ. ಕಾನೂನು ಹಿಡಿದುಕೊಂಡು ಜಗಳಕ್ಕೆ ಹೋಗಿ ಅಂತ ನಾನು ಹೇಳುತ್ತಿಲ್ಲ. ಹಳ್ಳಿಯಲ್ಲಿ ಸಾಲ ಕೊಟ್ಟವರು ಬೆಳಿಗ್ಗೆ ಎದ್ದರೆ ಕಾಣುವವರೇ. ಆದರೆ ಹಾಸನದ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಅಲ್ಲಿ ಹೋಗಿ ನಿಮ್ಮ ಹಾಳೆ ತೋರಿಸಿ ಸಲಹೆ ಕೇಳಿ. ಹೆಂಗಸರಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ಹೆಂಡತಿಯೂ ಜೊತೆಗೆ ಬರಲಿ. ಆಮೇಲೆ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು, ಅಸಲು ಕೊಡುತ್ತೇನೆ, ಬಡ್ಡಿ ಇಳಿಸಿ, ಕಂತು ಮಾಡಿ ಅಂತ ಒಬ್ಬೊಬ್ಬರ ಹತ್ತಿರ ಮಾತಾಡಿ. ಪೂರ್ತಿ ಬರದೆ ಇರುವುದಕ್ಕಿಂತ ನಿಧಾನಕ್ಕಾದರೂ ಬರಲಿ ಅನ್ನುವವರು ಇರುತ್ತಾರೆ. ಒಪ್ಪದವರೂ ಇರುತ್ತಾರೆ. ಖಾಲಿ ಚೆಕ್ ಕೊಟ್ಟಿರುವ ಕಡೆ ಮಾತ್ರ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ.

ಈ ಎಲ್ಲದಕ್ಕೂ ಕ್ರಮ ಮುಖ್ಯ. ಆಸ್ಪತ್ರೆ ಮೊದಲು, ಹೆಂಡತಿ ಆಮೇಲೆ, ಭಾಮೈದನಿಗೆ ‘ಈ ವರ್ಷ ಇಲ್ಲ’ ಅನ್ನುವುದು ಅದಾದ ಮೇಲೆ. ಆ ಮಾತನ್ನು ಗಂಡ ಹೆಂಡತಿ ಇಬ್ಬರೂ ಸೇರಿ ಹೇಳಿದರೆ ಸುಲಭ. ಸಾಲ ಕೊಟ್ಟವರ ಹತ್ತಿರ ಮಾತು, ಅಂಗಡಿ ಕೆಲಸ ಆಮೇಲೆ ಒಟ್ಟೊಟ್ಟಿಗೆ ನಡೆಯಲಿ.

ಮಗಳ ವಿಷಯ ಕೇಳಿದ್ದೀರಿ. ಹೇಳಿ, ಆದರೆ ಹೆಂಡತಿಗೆ ಹೇಳಿದ ಮೇಲೆ ಮತ್ತು ಇಬ್ಬರೂ ಕೂತು. ಹದಿನೇಳು ವರ್ಷದ ಹುಡುಗಿಗೆ ಮನೆಯಲ್ಲಿ ಏನೋ ಸರಿಯಿಲ್ಲ ಅಂತ ಗೊತ್ತಾಗಿರುತ್ತದೆ, ಕಾರಣ ಗೊತ್ತಿಲ್ಲದಿದ್ದರೆ ಅವಳು ಇದಕ್ಕಿಂತ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತಾಳೆ. ಮೂರು ರೂಪಾಯಿ ಬಡ್ಡಿಯ ವಿವರ, ಯಾರು ಬಂದು ಬೈದರು ಅನ್ನುವುದು ಅವಳಿಗೆ ಬೇಡ. ಬೆಳೆ ಕೈಕೊಟ್ಟಿದೆ, ಸಾಲ ಇದೆ, ಅಪ್ಪ ಹಾಸನದಲ್ಲಿ ಕೆಲಸಕ್ಕೆ ಸೇರುತ್ತಿದ್ದಾರೆ, ನಿನ್ನ ಓದು ನಿಲ್ಲುವುದಿಲ್ಲ. ಇಷ್ಟು ಹೇಳಿ. ಓದು ನಿಲ್ಲುವುದಿಲ್ಲ ಅನ್ನುವುದನ್ನು ಹೇಳುವ ಮೊದಲು ಆ ಮಾತು ಉಳಿಸಿಕೊಳ್ಳಲು ಆಗುತ್ತದಾ ಅಂತ ನೋಡಿಕೊಳ್ಳಿ. ಮ್ಯಾನೇಜ್‌ಮೆಂಟ್ ಸೀಟಿನ ಆಸೆ ತೋರಿಸಬೇಡಿ, ಸಿಇಟಿಯಲ್ಲಿ ಸರ್ಕಾರಿ ಸೀಟು ಸಿಕ್ಕರೆ ಕಳಿಸುತ್ತೇವೆ, ಇಲ್ಲದಿದ್ದರೆ ಹಾಸನದಲ್ಲೇ ಬಿಎಸ್‌ಸಿ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಪರೀಕ್ಷೆಗೆ ಎರಡು ಮೂರು ವಾರವಷ್ಟೇ ಉಳಿದಿದ್ದರೆ, ಪರೀಕ್ಷೆ ಮುಗಿದ ಮೇಲೆ ಹೇಳಿದರೆ ಸಾಕು.